ನಲವತ್ತೇಳನೇ ಪುಟ

ಬೆಳಗಿನ ಪ್ರಾರ್ಥನೆಯ ನಡುವೆ ಯಂತ್ರ ಮತ್ತೆ ಪುಟದ ಸಂಖ್ಯೆ ಹೇಳಿತು.

"ದಯೆಯ ಕಡಲೇ, ದಾರಿ ತಪ್ಪಿದ ನನ್ನನ್ನು ನಲವತ್ತೇಳು ಕೈಬಿಡಬೇಡ."

ಕರಡಮ್ಮ ಮುಚ್ಚಿದ ಕಣ್ಣು ತೆರೆದಳು. ತನಗೇ ತಪ್ಪಾಗಿ ಕೇಳಿಸಿತೇನೋ ಎಂದು ಗುಂಡಿ ಒತ್ತಿ ಮತ್ತೊಮ್ಮೆ ಕೇಳಿದಳು. ನಲವತ್ತೇಳು. ಬಸ್ ನಿಲ್ದಾಣದಲ್ಲಿ ಬಸ್ಸಿನ ನಂಬರು ಕೂಗಿದಷ್ಟು ನಿರಾಳವಾಗಿ ಆ ಹೆಣ್ಣುದನಿ ದೇವರಿಗೂ ಅವಳಿಗೂ ನಡುವೆ ನಲವತ್ತೇಳನ್ನು ತಂದು ಕೂರಿಸಿತು.

"ಥೂ!" ಎಂದಳು. ಪ್ರಾರ್ಥನೆಗೆ ಕೂತು ಆಡುವ ಮಾತಲ್ಲ. ಆಡಿಬಿಟ್ಟಿದ್ದಳು.

ಅವಳು ನಲವತ್ತು ವರ್ಷ ಒಂದೇ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು. ಅಚ್ಚಿನ ಮೊಳೆ ಜೋಡಿಸುವವರು ಎದುರಿಗೆ ಕರಡಮ್ಮ ಎನ್ನುತ್ತಿದ್ದರು, ಬೆನ್ನ ಹಿಂದೆ ಕರಡಿಯಮ್ಮ. ಅವಳು ಎರಡಕ್ಕೂ ಓಗೊಡುತ್ತಿದ್ದಳು. ಆ ಸಣ್ಣಕ್ಷರಗಳೇ ಸೇರಿಕೊಂಡು ತನ್ನ ಕಣ್ಣು ತಿಂದವು ಎಂಬುದು ಅವಳ ನಂಬಿಕೆ. ವಯಸ್ಸು ಎಂದರು ವೈದ್ಯರು. ಈಗ ಎದುರು ನಿಂತವರ ಕಿವಿ, ಕೂದಲು ಕಾಣುತ್ತದೆ. ಮುಖವಿರಬೇಕಾದ ಕಡೆ ಮಸಿ ಚೆಲ್ಲಿದಂತಿರುತ್ತದೆ. ಅದಕ್ಕೇ ತಮ್ಮ ಆ ಯಂತ್ರ ತಂದು ಕಿಟಕಿಯ ಪಕ್ಕದ ಮೇಜಿನ ಮೇಲಿಟ್ಟದ್ದು. ಅದರೊಳಗೆ ಪುಸ್ತಕ ಓದಿ ಹೇಳುವ ಒಂದು ತಂತ್ರಾಂಶವಿತ್ತು. ಅವಳ ಪ್ರಾರ್ಥನೆಯ ಪುಸ್ತಕದ ಪುಟಗಳನ್ನೆಲ್ಲ ಒಂದೊಂದಾಗಿ ಫೋಟೋ ಹಿಡಿದು ಅದಕ್ಕೆ ಉಣಿಸಿದ್ದ. ಓದು ಚೆನ್ನಾಗಿಯೇ ಇತ್ತು. ಪುಟ ತಿರುಗುವ ಕಡೆ ಮಾತ್ರ, ವಾಕ್ಯ ಮುಗಿದಿರಲಿ ಬಿಡಲಿ, ಅಡಿಯಲ್ಲಿದ್ದ ಸಂಖ್ಯೆಯನ್ನೂ ಸೇರಿಸಿ ಓದಿಬಿಡುತ್ತಿತ್ತು.

"ನಾನು ಎಷ್ಟನೇ ಪುಟದಲ್ಲಿ ಅಳ್ತಿದೀನಿ ಅಂತ ದೇವರು ಕೇಳಿದನೇನೋ?" ಎಂದಿದ್ದಳು. ತಮ್ಮ ನಗುತ್ತಾ ನಗುತ್ತಾ ಕೆಮ್ಮಿದ. ಆಗಲೇ ಆ ಕೆಮ್ಮು ಶುರುವಾಗಿತ್ತು. ಹದಿನೈದು ದಿನ ಕೂತು ಅದನ್ನು ಸರಿಮಾಡಿಕೊಟ್ಟು, ಆಮೇಲೆ ಹಾಸಿಗೆ ಹಿಡಿದ.

ಅವನು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ದಿನಾ ಬೆಳಗ್ಗೆ ಆ ವಾಕ್ಯ ತಡೆಯಿಲ್ಲದೆ ಹರಿದು ಹೋಗುವ ಕಡೆ ಅವಳು ತಮ್ಮನನ್ನು ನೆನೆಯುತ್ತಿದ್ದಳು. ಅವನು ಬಿಟ್ಟು ಹೋದದ್ದರಲ್ಲಿ ಅವಳ ಕೈಗೆ ಸಿಗುತ್ತಿದ್ದುದು ಅಷ್ಟೇ. ಇವತ್ತು ಅದೂ ಹೋಯಿತು.

ಮಧ್ಯಾಹ್ನ ತಮ್ಮನ ಮಗಳು ಬಂದಳು. ಅವಳದು ಕಟ್ಟುಹಲ್ಲು ಮಾಡುವ ಕಸುಬು. ತೋಳಿನ ಮೇಲೆ ಯಾವಾಗಲೂ ಸುಣ್ಣದಂಥ ಪುಡಿ, ಉಗುರಿನಲ್ಲಿ ಗುಲಾಬಿ ಮೇಣ. ಕರಡಮ್ಮ ಅವಳನ್ನು ಹಲ್ಲಿನವಳೇ ಎಂದು ಕರೆಯುತ್ತಿದ್ದಳು.

"ಬಾರೇ ಹಲ್ಲಿನವಳೇ. ನಿಮ್ಮಪ್ಪ ಮಾಡಿಟ್ಟಿದ್ದು ಕೆಟ್ಟಿದೆ, ನೋಡು."

ಹಲ್ಲಿನವಳು ಕೀಲಿಗಳನ್ನು ಟಕಟಕ ಒತ್ತಿದಳು. "ಕೆಟ್ಟಿಲ್ಲ ಅತ್ತೆ. ನಿನ್ನೆ ಅದು ತಾನೇ ಅಪ್‌ಡೇಟ್ ಮಾಡ್ಕೊಂಡಿದೆ. ಹೊಸದು ಬಂತು, ಹಳೇದು ಹೋಯ್ತು. ಅಪ್ಪನ ತಿದ್ದುಪಡಿ ಇದ್ದಿದ್ದು ಹಳೇದರಲ್ಲಿ."

"ಹೊಸದರಲ್ಲಿ ಯಾಕಿಲ್ಲ?"

"ಅವರು ಸೇರಿಸ್ಕೊಂಡಿಲ್ಲ."

"ಯಾರೇ ಅವರು? ಅಂಗಡಿಯವರಾ?"

"ಇದಕ್ಕೆ ಅಂಗಡಿ ಇಲ್ಲ, ಒಡೆಯನೂ ಇಲ್ಲ. ಓಪನ್ ಸೋರ್ಸ್ ಅಂತಾರೆ. ಒಳಗಿನ ಕೋಡನ್ನ ಲೋಕದಲ್ಲಿ ಯಾರು ಬೇಕಾದ್ರೂ ಓದಬಹುದು, ತಪ್ಪು ಕಂಡ್ರೆ ತಿದ್ದಿ ಕಳಿಸಬಹುದು. ಕಳಿಸಿದ್ದನ್ನ ಪರೀಕ್ಷೆ ಮಾಡೋರು ನಾಲ್ಕು ಜನ ಇದ್ದಾರೆ. ಅವರು ಒಪ್ಪಿದ್ರೆ ಸೇರುತ್ತೆ, ಎಲ್ಲರ ಯಂತ್ರಕ್ಕೂ ಹೋಗುತ್ತೆ, ಬರೆದವನ ಹೆಸರು ಆ ಸಲದ ಪಟ್ಟಿಗೆ ಬೀಳುತ್ತೆ. ಒಪ್ಪದಿದ್ರೆ ಅದು ಅವನ ಯಂತ್ರದಲ್ಲಷ್ಟೇ. ಅದೂ ಮುಂದಿನ ಅಪ್‌ಡೇಟ್‌ವರೆಗೆ."

ಕರಡಮ್ಮನಿಗೆ ಇದು ಹೊಸ ವಿದ್ಯೆ ಎನ್ನಿಸಲಿಲ್ಲ. ಒಬ್ಬ ಬರೆಯುತ್ತಾನೆ, ಒಬ್ಬ ಕರಡು ನೋಡುತ್ತಾನೆ, ಒಪ್ಪಿಗೆಯಾದ ಮೇಲೆ ಅಚ್ಚಿಗೆ ಹೋಗುತ್ತದೆ. "ಹಾಗಾದ್ರೆ ಅವರೂ ನನ್ನ ಕಸುಬಿನವರೇ. ನಿಮ್ಮಪ್ಪನಿಗೆ ಏನು ಬರೆದಿದ್ದಾರೆ, ಓದು."

ಅಲ್ಲಿ ಯಾರಿಗೂ ಹೆತ್ತವರು ಇಟ್ಟ ಹೆಸರಿರಲಿಲ್ಲ. ತಮ್ಮ ಅಲ್ಲಿ 'ಅಚ್ಚುಮೊಳೆ'. ಚಿಕ್ಕವನಿದ್ದಾಗ ಅಕ್ಕನ ಅಚ್ಚುಕೂಟಕ್ಕೆ ಬಂದು ಸವೆದ ಮೊಳೆಗಳನ್ನು ಜೇಬಿಗೆ ತುಂಬಿಕೊಂಡು ಹೋಗುತ್ತಿದ್ದ. ಅವನ ಕರಡು ನೋಡಿದವನು 'ಮುಳ್ಳುಹಂದಿ'. ಹೆಸರಿನ ಪಕ್ಕ ಮುಳ್ಳು ನಿಗುರಿಸಿ ನಿಂತ ಪ್ರಾಣಿಯ ಚಿತ್ರವೂ ಇದೆ ಎಂದಳು ಹಲ್ಲಿನವಳು.

ತಮ್ಮ ಕಳಿಸಿದ್ದು ಮೂವತ್ತೊಂದು ಸಾಲು. ಅದಕ್ಕೆ ಮುಳ್ಳುಹಂದಿ ಹಾಕಿದ್ದ ಗುರುತು ಹನ್ನೊಂದು. ನಾಲ್ಕನೇ ಸಾಲಿನ ಕೊನೆಯಲ್ಲಿ ಖಾಲಿ ಜಾಗ. ಶೀರ್ಷಿಕೆ ಐವತ್ತು ಅಕ್ಷರ ಮೀರಿದೆ. ಈ ಹೆಸರು ನಿಯಮದಂತಿಲ್ಲ. ಆರನೇ ಸಾಲನ್ನು ಎರಡಾಗಿ ಒಡೆಯಿರಿ. ಎರಡಾಗಿ ಒಡೆದ ಮೇಲೆ, ಒಂದಾಗಿಸಿ. ಮೊದಲ ಒಂಬತ್ತಕ್ಕೂ ತಮ್ಮ 'ತಿದ್ದಿದ್ದೇನೆ' ಎಂದು ಬರೆದಿದ್ದ. ಹತ್ತನೆಯದಕ್ಕೆ ಮಾತ್ರ, 'ಆಸ್ಪತ್ರೆಯಲ್ಲಿದ್ದೇನೆ. ಒಂದು ವಾರ ಕೊಡಿ' ಎಂದಿದ್ದ.

"ಅದಕ್ಕೇನಂದ ಆ ಹಂದಿ?"

"'ಸರಿ. ಹದಿನೇಳನೇ ಸಾಲು ಬಾಕಿ ಇದೆ' ಅಂದಿದ್ದಾನೆ."

"ಮೈ ಹೇಗಿದೆ ಅಂತಲೂ ಕೇಳಲಿಲ್ವಾ?"

"ಇಲ್ಲ. ಆಮೇಲೆ ಎರಡು ತಿಂಗಳು ಏನೂ ಇಲ್ಲ. ಕೊನೇಲಿ ಇದೊಂದಿದೆ. ಇದನ್ನ ಮನುಷ್ಯರು ಬರೆದಿಲ್ಲ, ತಾನಾಗಿ ಬರೋ ಸಂದೇಶ." ಹಲ್ಲಿನವಳ ದನಿ ತಗ್ಗಿತು. "'ಅರವತ್ತು ದಿನಗಳಿಂದ ಚಲನೆಯಿಲ್ಲದ ಕಾರಣ ಈ ತಿದ್ದುಪಡಿಯನ್ನು ಹಳಸಿದ್ದೆಂದು ಪರಿಗಣಿಸಿ ಮುಚ್ಚಲಾಗಿದೆ. ನಿಮ್ಮ ಕೊಡುಗೆಗೆ ಧನ್ಯವಾದಗಳು.' ಪಕ್ಕದಲ್ಲಿ ಒಂದು ನಗುಮುಖ."

ಕರಡಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದಳು. ಅರವತ್ತು ದಿನ. ಅವನ ಬಟ್ಟೆಗಳನ್ನು ಮಡಚಿ ಪೆಟ್ಟಿಗೆಗೆ ಹಾಕಿದ ದಿನಗಳು ಅವು.

"ಹಳಸಿದ್ದು ಅಂದರಾ? ಏನದು, ನಿನ್ನೆ ಉಳಿದ ಅಡುಗೆಯಾ? ಸತ್ತವನ ಮುಂದೆ ನಗ್ತಾರಾ?" ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದಳು. "ಮುಚ್ಚಿದ್ದನ್ನ ತೆರೆಯೋಕೆ ಬರುತ್ತಾ?"

"ಹೊಸದಾಗಿ ಕಳಿಸಬಹುದು. ಅಪ್ಪ ಕಲಿಸಿದಷ್ಟು ನನಗೂ ಬರುತ್ತೆ."

"ಕಳಿಸು. ಅವನ ಹೆಸರಲ್ಲೇ ಹೋಗಬೇಕು, ಅವನ ಹೆಸರಲ್ಲೇ ಸೇರಬೇಕು. ಒಂದಕ್ಷರ ಬೇರೆ ಆಗಬಾರದು."

ಹದಿನೇಳನೇ ಸಾಲಿನ ವಿಷಯ ಏನೆಂದು ಇಬ್ಬರೂ ನೋಡಲಿಲ್ಲ. ಇನ್ನೊಂದು ಖಾಲಿ ಜಾಗವಿರಬೇಕು, ಹಂದಿಯ ಮುಳ್ಳಿಗೆ ಲೆಕ್ಕ ಯಾಕೆ ಎಂದುಕೊಂಡರು. ಕರಡಮ್ಮ ಹೇಳಿದಂತೆ ಹಲ್ಲಿನವಳು ಮೇಲೊಂದು ಮಾತು ಬರೆದಳು: 'ಇದನ್ನು ಬರೆದವನು ತೀರಿಕೊಂಡಿದ್ದಾನೆ. ನಾನು ಅವನ ಅಕ್ಕ. ಅವನ ಹೆಸರಿನಲ್ಲಿ ಸೇರಿಸಿಕೊಳ್ಳಬೇಕಾಗಿ ಕೇಳಿಕೊಳ್ಳುತ್ತೇನೆ.'

ಮಾರನೇ ದಿನ ಆ ಪುಟಕ್ಕೆ ಜನ ಮುತ್ತಿಕೊಂಡಿದ್ದರು, ಒಡೆದ ಹಣ್ಣಿಗೆ ನೊಣ ಮುತ್ತಿದ ಹಾಗೆ. ಕರಡಮ್ಮ ಒಂದೊಂದನ್ನೂ ಯಂತ್ರದಿಂದ ಓದಿಸಿದಳು. ಮೊದಲಿನ ಹತ್ತು ಮಂದಿ ಹೃದಯದ ಚಿತ್ರ ಅಂಟಿಸಿ ಹೋಗಿದ್ದರು; 'ಕೆಂಪು ಹೃದಯ, ಕೆಂಪು ಹೃದಯ, ಮುರಿದ ಹೃದಯ' ಎಂದು ಯಂತ್ರ ಕಸಾಯಿ ಅಂಗಡಿಯ ಪಟ್ಟಿಯಂತೆ ಓದಿತು. ಹನ್ನೊಂದನೆಯವನು, ಅಗಲಿದವರ ಬಗ್ಗೆ ಗೌರವವಿದೆ, ಆದರೆ ಪುಟದ ಸಂಖ್ಯೆ ಓದಬೇಕೋ ಬೇಡವೋ ಎಂಬುದನ್ನು ಬಳಸುವವರ ಆಯ್ಕೆಗೆ ಬಿಡಬೇಕು ಎಂದ. ಹನ್ನೆರಡನೆಯವನು ಅವನನ್ನು ಮೂರ್ಖ ಎಂದ. ಅಲ್ಲಿಂದ ಮುಂದೆ ಇಪ್ಪತ್ತಾರು ಜನ ತಮ್ಮನ ತಲೆದೆಸೆಯಲ್ಲಿ ನಿಂತು ಪರಸ್ಪರ ಜುಟ್ಟು ಹಿಡಿದುಕೊಂಡಿದ್ದರು. ಒಬ್ಬನಂತೂ ಇದಕ್ಕಿಂತ ಒಳ್ಳೆಯದು ತನ್ನ ಬಳಿ ಇದೆ, ಬನ್ನಿ ನೋಡಿ ಎಂದು ತನ್ನ ಅಂಗಡಿಯನ್ನೇ ತೆರೆದಿದ್ದ.

ಇವರ ನಡುವೆ ಮುಳ್ಳುಹಂದಿಯ ಎರಡು ವಾಕ್ಯ. 'ಸಂತಾಪಗಳು. ಹದಿನೇಳನೇ ಸಾಲು ಬಾಕಿ ಇದೆ. ಜೊತೆಗೆ ಬರೆದವರ ಸಹಿ ಇಲ್ಲ.'

ಸಹಿ ಎಂದರೆ, ಪ್ರತಿ ತಿದ್ದುಪಡಿಯ ಕೆಳಗೂ 'ಇದನ್ನು ಬರೆದವನು ನಾನೇ' ಎಂದು ಒಂದು ಸಾಲು ಹಾಕಬೇಕು. ಅದಿಲ್ಲದೆ ಏನೂ ಸೇರುವುದಿಲ್ಲ. 'ಹಾರುವ ಮೀನು' ಎಂಬಾತ ಉಪಾಯ ಹೇಳಿದ್ದ: 'ಅಕ್ಕಾವ್ರೇ, ನೀವೇ ಬರೆದಿದ್ದು ಅಂತ ಸಹಿ ಹಾಕಿಬಿಡಿ. ಯಾರು ಕೇಳ್ತಾರೆ? ಕೆಲಸ ಆದರೆ ಆಯ್ತಲ್ಲ.'

"ಹಾಕಿಬಿಡೋಣ ಅತ್ತೆ," ಎಂದಳು ಹಲ್ಲಿನವಳು. "ಅಪ್ಪ ಏನೂ ಅನ್ಕೊಳಲ್ಲ."

"ನಿನ್ನ ಹಲ್ಲು ಉದುರಿಸ್ತೀನಿ ನೋಡು."

"ಉದುರಿಸಿ. ಹೊಸದು ಕಟ್ಕೊಳ್ತೀನಿ, ಪುಕ್ಕಟೆ."

ಕರಡಮ್ಮ ನಗಲಿಲ್ಲ. "ನಲವತ್ತು ವರ್ಷದಲ್ಲಿ ಎಷ್ಟು ಜನರ ಪುಸ್ತಕ ಮುರಿದು ಕಟ್ಟಿದೀನಿ ಗೊತ್ತಾ? ಒಂದರ ಮೇಲೂ ನನ್ನ ಹೆಸರಿಲ್ಲ. ಈಗ ನನ್ನ ತಮ್ಮನದಕ್ಕೆ ಹಾಕ್ಲಾ? ಆ ಹಂದಿಗೆ ನಾನು ಹೇಳಿದ್ದನ್ನ ಬರಿ. ಹಾಗೇ ಬರಿ, ಸಕ್ಕರೆ ಬೆರೆಸಬೇಡ."

ಅಚ್ಚುಕೂಟದಲ್ಲಿ ಅವಳದೊಂದು ಕಟ್ಟುನಿಟ್ಟು ಇತ್ತು. ಕರಡಿನ ಅಂಚಿನಲ್ಲಿ ಹಾಕುವ ಗುರುತು ಸಾಲಿಗೆ. ಮೊಳೆ ಜೋಡಿಸಿದವನ ಬಗ್ಗೆ ಅಲ್ಲಿ ಒಂದಕ್ಷರವೂ ಬರೆಯಕೂಡದು. ತಪ್ಪು ಸಾಲಿನದು, ಮನುಷ್ಯನದಲ್ಲ. ಹೊಸದಾಗಿ ಬಂದ ಕರಡುಗಾರರಿಗೆ ಅವಳು ಮೊದಲ ದಿನ ಹೇಳುತ್ತಿದ್ದ ಪಾಠವೇ ಇದು. ಅದೆಲ್ಲ ಅವತ್ತು ನೆನಪಿಗೆ ಬರಲಿಲ್ಲ. 'ಹೆಣದ ಉಗುರಿನಲ್ಲಿ ಕೊಳೆ ಹುಡುಕುವವನೇ' ಎಂದು ಶುರುಮಾಡಿ ಆರು ಸಾಲು ಹೇಳಿ ಬರೆಸಿದಳು. ಬರೆಸುವಾಗ ಮೈ ಹಗುರವಾಯಿತು. ಹಲ್ಲಿನವಳು ಎರಡು ಸಲ, "ಇದೂ ಬೇಕಾ ಅತ್ತೆ?" ಎಂದಳು. ಎರಡು ಸಲವೂ ಬೇಕು ಎಂದಳು.

ನಾಲ್ಕು ದಿನ ಉತ್ತರವಿಲ್ಲ. ಐದನೇ ದಿನ ಕರಡಮ್ಮ ಒಬ್ಬಳೇ ಇದ್ದಾಗ ಯಂತ್ರ ಟಿಣ್ ಎಂದಿತು. ಮುಳ್ಳುಹಂದಿ ಮಾತೇನೂ ಬರೆದಿರಲಿಲ್ಲ. ಒಂದು ಲಿಂಕ್ ಮಾತ್ರ. ಒತ್ತಿದಳು. ಹಳೆಯ ಪುಟವೊಂದು ತೆರೆದುಕೊಂಡಿತು, ಹೆಣ್ಣುದನಿ ಓದತೊಡಗಿತು.

"ಹನ್ನೊಂದು ವರ್ಷಗಳ ಹಿಂದೆ. ಮುಳ್ಳುಹಂದಿ ಬರೆದದ್ದು. ಎಲ್ಲರಿಗೂ ನಮಸ್ಕಾರ. ಇದು ನನ್ನ ಮೊದಲ ತಿದ್ದುಪಡಿ. ತಪ್ಪಿದ್ದರೆ ತಿಳಿಸಿಕೊಡಿ. ಹನ್ನೊಂದು ವರ್ಷಗಳ ಹಿಂದೆ. ಅಚ್ಚುಮೊಳೆ ಬರೆದದ್ದು. ಇದರಲ್ಲಿ ತಪ್ಪು ಹುಡುಕುವುದು ವಾಂತಿಯಲ್ಲಿ ಅಗುಳು ಹುಡುಕಿದ ಹಾಗೆ. ನಿನ್ನ ಕೈಗೆ ಕೀಬೋರ್ಡ್ ಕೊಟ್ಟವರು ಯಾರು?"

ಕರಡಮ್ಮನ ಬೆರಳು ಗುಂಡಿಯ ಮೇಲೆ ಇತ್ತು. ಒತ್ತಲಿಲ್ಲ. ಬೇರೆ ಯಾರೋ ಅಚ್ಚುಮೊಳೆ ಎಂಬ ಹೆಸರಿಟ್ಟುಕೊಂಡಿರಬಹುದು. ಲೋಕ ದೊಡ್ಡದು.

"ಮುಳ್ಳುಹಂದಿ ಬರೆದದ್ದು. ಕ್ಷಮಿಸಿ. ತಿದ್ದಿದ್ದೇನೆ. ಅಚ್ಚುಮೊಳೆ ಬರೆದದ್ದು. ಮತ್ತೆ ಸಾಲಿನ ಕೊನೆಯಲ್ಲಿ ಖಾಲಿ ಜಾಗ. ಕಣ್ಣು ಹಣೆಯ ಕೆಳಗಿದೆಯೋ, ಅಂಗಾಲಿನಲ್ಲಿದೆಯೋ?"

ಬೆರಳು ಒತ್ತಿತು. ಯಂತ್ರ ಬಾಯಿ ಮುಚ್ಚಿತು.

ಆ ಮಾತು ಲೋಕದಲ್ಲಿ ಬೇರೆ ಯಾರದೂ ಆಗಿರಲು ಸಾಧ್ಯವಿರಲಿಲ್ಲ. ಅದು ಅವಳದೇ. ತಮ್ಮನಿಗೆ ಆಗ ಏಳೋ ಎಂಟೋ ವರ್ಷ. ಅಮ್ಮ ಕೆಲಸದಿಂದ ಬರುವಷ್ಟರಲ್ಲಿ ಅವನ ಕಾಪಿ ಪುಸ್ತಕ ನೋಡಿ ಮುಗಿಸುವುದು ಅವಳ ಪಾಲಿನ ಕೆಲಸ. ತಪ್ಪು ಕಂಡಾಗಲೆಲ್ಲ ಪುಸ್ತಕವನ್ನು ಮೇಜಿಗೆ ಬಡಿದು ಅದನ್ನೇ ಹೇಳುತ್ತಿದ್ದಳು. ಅವನು ತನ್ನ ಅಂಗಾಲನ್ನೆತ್ತಿ ನಿಜವಾಗಿಯೂ ನೋಡಿಕೊಂಡದ್ದನ್ನು ಮನೆಯವರಿಗೆಲ್ಲ ಹೇಳಿ ನಗಿಸಿದ್ದಳು. ಅಚ್ಚುಕೂಟದ ಕಾಗದದ ಅಂಚನ್ನು ನಲವತ್ತು ವರ್ಷ ಶುದ್ಧವಾಗಿ ಇಟ್ಟುಕೊಂಡವಳ ನಾಲಿಗೆ ಮನೆಯಲ್ಲಿ ಹೀಗಿತ್ತು.

ಮತ್ತೆ ಗುಂಡಿ ಒತ್ತಿ ಪೂರ್ತಿ ಕೇಳಿದಳು. ಹದಿನಾಲ್ಕು ಸಲ ಮುಳ್ಳುಹಂದಿ ತಿದ್ದಿ ಕಳಿಸಿದ್ದ. ಹದಿನಾಲ್ಕು ಸಲ ತಮ್ಮ ಉಗಿದಿದ್ದ. ಯಂತ್ರಕ್ಕೆ ಸಿಟ್ಟು ಗೊತ್ತಿಲ್ಲ, ನಾಚಿಕೆಯೂ ಗೊತ್ತಿಲ್ಲ. ಪ್ರಾರ್ಥನೆ ಓದಿದ ದನಿಯಲ್ಲೇ ಅದನ್ನೂ ಓದಿತು. ಅವಳಿಗೆ ಅಸಹ್ಯವಾಯಿತು. ಯಾರ ಮೇಲೆ ಎಂದು ಬೆರಳಿಟ್ಟು ತೋರಿಸುವಂತಿದ್ದರೆ ಅಷ್ಟು ಆಗುತ್ತಿರಲಿಲ್ಲವೇನೋ. ಅವನ ಮೇಲೆ ಅಸಹ್ಯಪಟ್ಟುಕೊಳ್ಳುವುದು ಅವನ ಹೆಣದ ಮೇಲೆ ಕಾಲಿಟ್ಟಂತೆ, ಪಡದಿದ್ದರೆ ಸುಳ್ಳು. ಅವತ್ತು ಸಂಜೆ ಪ್ರಾರ್ಥನೆಗೆ ಕೂರಲಿಲ್ಲ. ಆ ದನಿ ಕೇಳುವ ಮನಸ್ಸಾಗಲಿಲ್ಲ.

ಮರುದಿನ ಹಲ್ಲಿನವಳು ಬಂದ ಕೂಡಲೇ ಕೇಳಿದಳು. "ಈ ಖಾಲಿ ಜಾಗ, ಐವತ್ತು ಅಕ್ಷರ, ಇದನ್ನೆಲ್ಲ ನಿಯಮ ಅಂತ ಬರೆದವರು ಯಾರೇ?"

"ಗೊತ್ತಾಗುತ್ತೆ. ಇಲ್ಲಿ ಒಂದೊಂದು ಸಾಲಿನ ಪಕ್ಕದಲ್ಲೂ ಬರೆದವರ ಹೆಸರು ಇರುತ್ತೆ." ಟಕಟಕ. ಆಮೇಲೆ ಟಕಟಕ ನಿಂತಿತು.

"ಯಾರು?"

"ಅಪ್ಪ."

"ಎಲ್ಲಾನೂ?"

"ಹ್ಞೂಂ."

"ಆ ಅರವತ್ತು ದಿನದ್ದು? ಹಳಸಿದ್ದು, ನಗುಮುಖ?"

ಹಲ್ಲಿನವಳು ಉಗುರಿನ ಮೇಣ ಕೆರೆದಳು. "ಅದೂ ಅಪ್ಪಾನೇ ಅತ್ತೆ. ಒಂಬತ್ತು ವರ್ಷದ ಹಿಂದೆ. ಆಗ ಆ ನಾಲ್ಕು ಜನರಲ್ಲಿ ಅಪ್ಪಾನೂ ಒಬ್ಬರು. ನನಗೆ ಸ್ವಲ್ಪ ಗೊತ್ತಿತ್ತು. ಕೆಲಸ ಜಾಸ್ತಿ ಆಯ್ತು, ರಾತ್ರಿ ಕಂಪ್ಯೂಟರ್ ಮುಂದೆ ಕೂರೋದು ಬಿಟ್ಟೆ ಅಂತ ನಿಮ್ಮ ಹತ್ರ ಹೇಳಿದ್ರಲ್ಲ, ಬಿಟ್ಟಿದ್ದಲ್ಲ. ಬಾಯಿ ದೆಸೆಯಿಂದ ಅವರೇ ಹೊರಗೆ ಹಾಕಿದ್ರು."

"ನನ್ನ ಹತ್ರ ಯಾಕೆ ಹೇಳಲಿಲ್ಲ?"

"ನಿಮ್ಮ ಬಾಯಿಗೆ ಹೆದರಿ."

ಕಿಟಕಿಯ ಕೆಳಗೆ ಬಟ್ಟೆ ಒಗೆಯುವ ಅಂಗಡಿಯ ಯಂತ್ರಗಳು ಗುಡುಗುಡು ಸುತ್ತುತ್ತಿದ್ದವು. ತಾನು ತೋಡಿದ ಗುಂಡಿಗೆ ತಾನೇ ಬಿದ್ದವನಿದ್ದಾನೆ, ಸರಿ. ಆದರೆ ಒಂಬತ್ತು ವರ್ಷ ಮುಂಚೆ ತೋಡಿಟ್ಟು, ಮೇಲೆ ನಗುಮುಖ ಬರೆದಿಟ್ಟು, ಸತ್ತ ಮೇಲೆ ಹೋಗಿ ಬಿದ್ದವನನ್ನು ಅವಳು ಇವನೊಬ್ಬನನ್ನೇ ಕಂಡದ್ದು.

"ಅತ್ತೆ, ಇಲ್ಲೊಂದು ಸಾಲು ಅಪ್ಪನದಲ್ಲ," ಎಂದಳು ಹಲ್ಲಿನವಳು. "ನಿಯಮದ ಪುಟದ ಕೊನೇ ಸಾಲು. 'ಬರೆದವರು ತೀರಿಕೊಂಡಿದ್ದರೆ, ತಂದುಕೊಟ್ಟವರು ತಂದುಕೊಟ್ಟವರೆಂದೇ ಸಹಿ ಹಾಕಬಹುದು. ಹೆಸರು ಬರೆದವರದೇ ಇರತಕ್ಕದ್ದು.' ಇದು ಹೊಸದು. ಸೇರಿಸಿ ಐದು ದಿನ ಆಗಿದೆ."

"ಸೇರಿಸಿದ್ದು?"

"ಮುಳ್ಳುಹಂದಿ."

ಐದು ದಿನ. ಹೆಣದ ಉಗುರು ಎಂದು ಅವಳು ಬರೆಸಿದ ಮಾರನೆಯ ದಿನವೇ.

ಕರಡಮ್ಮ ಕುರ್ಚಿಯನ್ನು ಮೇಜಿಗೆ ಎಳೆದುಕೊಂಡಳು. "ಹದಿನೇಳನೇ ಸಾಲಿಗೆ ಅವನು ಏನಂದಿದ್ದಾನೆ? ಪೂರ್ತಿ ಓದು. ಹೋದ ಸಲ ನಾವು ಓದಲೇ ಇಲ್ಲ."

'ಪುಟದ ಆರಂಭದ ಅಥವಾ ಕೊನೆಯ ಸಂಖ್ಯೆಯನ್ನೆಲ್ಲ ಈ ಸಾಲು ನುಂಗುತ್ತದೆ. ವಾಕ್ಯದೊಳಗಿನ ಸಂಖ್ಯೆ ಅಲ್ಲಿ ಬಂದರೆ ಅದೂ ಹೋಗುತ್ತದೆ' ಎಂದಿತ್ತು.

ಅವಳಿಗೆ ಥಟ್ಟನೆ ಹೊಳೆಯಿತು. ಪ್ರಾರ್ಥನೆಯ ಪುಸ್ತಕದ ಎಂಬತ್ತನೇ ಪುಟ. 'ಏಳು ಸಲ ಬಿದ್ದವನನ್ನು ಎತ್ತಿದವನೇ' ಎಂಬಲ್ಲಿ ಆ ಏಳು ಅಂಕಿಯಲ್ಲೇ ಅಚ್ಚಾಗಿದೆ, ಪುಟದ ತಲೆಯಲ್ಲೇ ಇದೆ. ಕಳೆದ ತಿಂಗಳುಗಳಲ್ಲೆಲ್ಲ ಯಂತ್ರ ಅದನ್ನು ಬರಿದೇ 'ಸಲ ಬಿದ್ದವನನ್ನು' ಎಂದೇ ಓದುತ್ತಿತ್ತು. ಅವಳು ಕೇಳಿದ್ದಳು. ತಮ್ಮನ ಕೆಲಸದಲ್ಲಿ ತಪ್ಪೆಲ್ಲಿ ಬರಬೇಕೆಂದು ಕಿವಿಗೊಡದೆ ಬಿಟ್ಟಿದ್ದಳು. ಕರಡು ನೋಡುವವಳು ಮಾಡಬಾರದ ತಪ್ಪು ಅದೊಂದೇ.

"ಅವನು ಹೇಳಿದ್ದು ಸರಿಯೇ," ಎಂದಳು. ಹೇಳುವಾಗ ಬಾಯಿ ಕಹಿಯಾಯಿತು. "ಕೇಳು. ಪುಟದ ಸಂಖ್ಯೆ ಅನ್ನೋದು ಒಂಟಿ. ಆ ಸಾಲಲ್ಲಿ ಅದರ ಪಕ್ಕ ಇನ್ನೊಂದು ಪದ ಇರಲ್ಲ. ವಾಕ್ಯದ್ದಾದ್ರೆ ಪಕ್ಕದಲ್ಲಿ ಪದ ಇದ್ದೇ ಇರುತ್ತೆ. ಒಂಟಿಯಾಗಿದ್ರೆ ಮಾತ್ರ ಬಿಡು ಅಂತ ಬರೆಯೋಕಾಗುತ್ತಾ?"

"ಆಗುತ್ತೆ." ಹಲ್ಲಿನವಳು ಬರೆದಳು, ಯಂತ್ರದಲ್ಲಿ ಓದಿಸಿ ನೋಡಿದಳು. ನಲವತ್ತೇಳು ಮಾಯವಾಯಿತು. ಎಂಬತ್ತನೇ ಪುಟದಲ್ಲಿ ಏಳು ಸಲ ಬಿದ್ದವನು ಏಳು ಸಲವೂ ಬಿದ್ದ.

ಕೆಳಗೆ ಸಹಿ: ಬರೆದವನು ಅಚ್ಚುಮೊಳೆ. ಹದಿನೇಳನೇ ಸಾಲು ತಿದ್ದಿ ತಂದುಕೊಟ್ಟವಳು ಅವನ ಅಕ್ಕ. ಅದರ ಕೆಳಗೆ ಕರಡಮ್ಮ ನಿಧಾನವಾಗಿ ಹೇಳಿ ಬರೆಸಿದಳು: 'ನೀವು ಕಳಿಸಿದ್ದನ್ನು ಪೂರ್ತಿ ಕೇಳಿದೆ. ಅದು ಹೊಲಸು. ಅಂಗಾಲಿನ ಕಣ್ಣಿನ ಮಾತನ್ನು ಅವನಿಗೆ ಕಲಿಸಿದವಳು ನಾನು. ಅವನ ಪರವಾಗಿ ಕ್ಷಮೆ ಕೇಳುವ ಹಕ್ಕು ನನಗಿಲ್ಲ, ಅದನ್ನು ಅವನೇ ಕೇಳಬೇಕಿತ್ತು. ನಾನು ಬರೆಸಿದ ಆರು ಸಾಲಿಗೆ ನಾನು ಕೇಳುತ್ತೇನೆ.'

"ಆ ಹಳೇ ಪುಟ ಅಳಿಸಿ ಅಂತಲೂ ಬರೀಲಾ ಅತ್ತೆ?"

"ಅಳಿಸೋಕೆ ಬರುತ್ತಾ?"

"ಕೇಳಿದ್ರೆ ಅಳಿಸಿಯಾರು."

ಕರಡಮ್ಮ ಯೋಚಿಸಿದಳು. "ಬೇಡ. ಬೈಸಿಕೊಂಡವನು ಹನ್ನೊಂದು ವರ್ಷ ಇಟ್ಕೊಂಡಿದಾನೆ. ನಾನು ಯಾರು ಅಳಿಸು ಅನ್ನೋಕೆ?"

ಮಾರನೇ ದಿನ ಮುಳ್ಳುಹಂದಿಯ ಉತ್ತರ ಬಂತು. 'ಇಪ್ಪತ್ತೆರಡನೇ ಸಾಲಿನ ಕೊನೆಯಲ್ಲಿ ಖಾಲಿ ಜಾಗ.' ಅಷ್ಟೇ.

"ಇವನ ಮುಳ್ಳು ಕೀಳ!" ಎಂದು ಹಲ್ಲಿನವಳು ಎದ್ದು ನಿಂತಳು. "ಅಷ್ಟೆಲ್ಲ ಬರೆದ್ವಲ್ಲ, ಒಂದು ಮಾತಾದ್ರೂ..."

"ಕೂತ್ಕೋ. ಸಾಲಿನ ಬಗ್ಗೆ ಹೇಳಿದ್ದಾನೆ, ನಮ್ಮ ಬಗ್ಗೆ ಏನೂ ಅಂದಿಲ್ಲವಲ್ಲ. ಇಪ್ಪತ್ತೆರಡನೇ ಸಾಲು ಯಾರದು?"

"ಅಪ್ಪನದು."

ಸಾಲನ್ನು ಅಕ್ಷರ ಅಕ್ಷರವಾಗಿ ಓದಲು ಯಂತ್ರಕ್ಕೆ ಹೇಳಿದಳು. ಅದು ಓದುತ್ತಾ ಹೋಗಿ ಕೊನೆಗೆ 'ಖಾಲಿ' ಎಂದಿತು. ಮುಳ್ಳುಹಂದಿಯ ಹನ್ನೊಂದು ಗುರುತುಗಳಲ್ಲಿ ಅದು ಇರಲಿಲ್ಲ. ಕೊನೆಯ ಸಲ, ಆಸ್ಪತ್ರೆಯ ಹಾಸಿಗೆಯಿಂದ ತಿದ್ದುವಾಗ, ಅವನ ಹೆಬ್ಬೆರಳು ತಗುಲಿ ಬಿದ್ದ ಜಾಗವಿರಬೇಕು. ಅಲ್ಲಿ ಏನೂ ಇರಲಿಲ್ಲ. ಆದರೂ ಅವನ ಬೆರಳು ಕೊನೆಯದಾಗಿ ಮುಟ್ಟಿದ್ದು ಅದನ್ನೇ. ಕರಡಮ್ಮ ಕೀಲಿಯ ಮೇಲೆ ಬೆರಳಿಟ್ಟು, ಹತ್ತು ಎಣಿಸುವಷ್ಟು ಹೊತ್ತು ಇಟ್ಟುಕೊಂಡಿದ್ದು, ಅಳಿಸಿದಳು.

ಒಂದು ಗಂಟೆಯೊಳಗೆ ಯಂತ್ರ ಟಿಣ್ ಎಂದಿತು. 'ಸೇರಿಸಲಾಗಿದೆ.' ಹೃದಯದ ಚಿತ್ರ ಇರಲಿಲ್ಲ, ಸದ್ಯ.

ಮೂರು ವಾರದ ಮೇಲೆ ಹೊಸ ಅಪ್‌ಡೇಟ್ ಬಂತು. ಹಲ್ಲಿನವಳು ಬರೆದವರ ಪಟ್ಟಿಯನ್ನು ತೆರೆದು ಅಪ್ಪನ ಹೆಸರನ್ನು ಎರಡು ಸಲ ಓದಿ ಹೇಳಿ, ಮೂಗು ಒರೆಸಿಕೊಳ್ಳುತ್ತಾ ಕೆಲಸಕ್ಕೆ ಹೋದಳು. ಕರಡಮ್ಮ ಮುಖ ತೊಳೆದು ಬಂದು ಪ್ರಾರ್ಥನೆಗೆ ಕೂತಳು. ಬಹಳ ದಿನದ ಮೇಲೆ ಕೂತದ್ದು. ಕೈ ಜೋಡಿಸಿ ಕಣ್ಣು ಮುಚ್ಚಿದಳು. ಆ ಪುಟ ಬರುತ್ತಿದ್ದಂತೆ ಉಸಿರು ಬಿಗಿ ಹಿಡಿದಳು.

"ದಯೆಯ ಕಡಲೇ, ದಾರಿ ತಪ್ಪಿದ ನನ್ನನ್ನು..."

"ನಲವತ್ತೇಳು," ಎಂದಿತು ಅವಳದೇ ನಾಲಿಗೆ.

"...ಕೈಬಿಡಬೇಡ," ಎಂದು ಯಂತ್ರ ಮುಂದೆ ಹೋಯಿತು.

ಕರಡಮ್ಮ ಕಣ್ಣು ತೆರೆದಳು. ಥೂ ಎಂದು ಬಾಯಿಗೆ ಬಂತು. ಹಲ್ಲು ಕಚ್ಚಿ ಹಿಡಿದುಕೊಂಡಳು. ಮತ್ತೆ ಕೈ ಜೋಡಿಸಿ, ಯಂತ್ರವನ್ನು ಆ ಪುಟದ ಮೊದಲಿಗೆ ತಂದು, ನಾಲಿಗೆಯನ್ನು ಕಾಯುತ್ತಾ ಕೂತಳು.